ಹನ್ನೆರಡು ಮಿಲಿಮೀಟರ್ ತೂತು

ಸೂರ್ ಬಂದರಿನ ಐಸ್ ಕಾರ್ಖಾನೆಯಲ್ಲಿ
ಮೂರನೆಯ ಕಂಟ್ರೋಲರೂ ಸತ್ತ ದಿನ
ಖಲ್ಫಾನ್ ಸಾಹೇಬರು ಕ್ಯಾಟಲಾಗನ್ನು ನನ್ನ ಮೇಜಿಗೆ ಒಗೆದರು:
'ಅಡಿವೆಪ್ಪಾ, ಈ ಸಲ ಡಬ್ಬಿ ನೀನೇ ಆರಿಸು.'

ಮುನ್ನೂರು ಪುಟ. ಎಲ್ಲವೂ ಬೂದಿ ಬಣ್ಣ.
ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಅವ್ವ ಕೂತ ಹಾಗೆ ಕೂತೆ,
ಸೆರಗು ತಿರುವಿ, ಅಂಚು ಹಿಂಡಿ,
ಇದಲ್ಲ, ಮ್ಯಾಲಿಂದು ತೆಗಿ ಅನ್ನುತ್ತ.

ಮೊದಲನೆಯದು ಸತ್ತದ್ದು ಫ್ಯಾನಿನಿಂದ.
ಆಫೀಸಿನ ಕಂಪ್ಯೂಟರಿಗೆ ಇರುವಂಥ ಕ್ಯಾಬಿನೆಟ್ಟು,
ತಂಪಾಗಲಿ ಎಂದು ಬೆನ್ನಿಗೊಂದು ಫ್ಯಾನು;
ಅದು ಗಾಳಿ ಎಳೆಯಿತು, ಗಾಳಿಯ ಜೊತೆ ಉಪ್ಪು,
ಉಪ್ಪಿನ ಜೊತೆ ಒಣಗಿದ ಮೀನಿನ ಹುರುಪೆ.
ಬಿಚ್ಚಿದಾಗ ಬೋರ್ಡಿನ ಮೇಲೆ ಅಭ್ರಕ ಚೆಲ್ಲಿದಂತೆ ಹೊಳಪು.
ಅಷ್ಟು ಚಂದದ ಹೆಣ ನಾನು ಕಂಡಿರಲಿಲ್ಲ.

ಆಮೇಲೆ ಪ್ಲಾಸ್ಟಿಕ್ಕು. ಪಡುವಣ ಗೋಡೆಯ ಬಿಸಿಲಿಗೆ
ಒಂದೇ ಬೇಸಿಗೆಯಲ್ಲಿ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿ
ಗುಲ್ ಜರೀನ್ ಹೆಬ್ಬೆರಳಿಟ್ಟು ಒತ್ತಿದ್ದೇ ತಡ, ಮೂಲೆ ಮುರಿಯಿತು.
ಅಲ್ಯುಮಿನಿಯಂ ಶಾಖವನ್ನೇನೋ ಚೆನ್ನಾಗಿ ಹೊರಹಾಕುತ್ತದೆ,
ಈ ಕಡಲಗಾಳಿಯಲ್ಲಿ ಅದರ ಮೈತುಂಬ ಬಿಳಿ ಜೋಳದ ಹಿಟ್ಟು.
ಹಿತ್ತಾಳೆಯ ಗ್ಲ್ಯಾಂಡುಗಳನ್ನು ಅಮೋನಿಯಾ ತಿಂದಿತ್ತು,
ಕೇಬಲ್ಲಿನ ಕೊರಳಲ್ಲಿ ಹಸಿರು ಬಿರುಕು.

ಕೊನೆಗೆ ಆರಿಸಿದೆ: ಮುನ್ನೂರ ಹದಿನಾರರ ಸ್ಟೀಲು,
ನೈಲಾನ್ ಗ್ಲ್ಯಾಂಡು, ಬಾಗಿಲ ಸುತ್ತ ಸಿಲಿಕೋನ್ ಪಟ್ಟಿ.
ಐಪಿ ಅರವತ್ತೇಳು.
ಆರು ಅಂದರೆ ಧೂಳು ಸುಳಿಯದು,
ಏಳು ಅಂದರೆ ಅರ್ಧ ತಾಸು ನೀರಲ್ಲಿ ಮುಳುಗಿಸಿಟ್ಟರೂ ಹೆದರದು.
ಎಂಬತ್ತನಾಲ್ಕು ರಿಯಾಲು.
ಖಲ್ಫಾನ್ ಬೆಲೆ ಓದಿದರು, ನನ್ನನ್ನು ಓದಿದರು, ಸಹಿ ಹಾಕಿದರು.

ನಲವತ್ತು ದಿನ.
ನಲವತ್ತೊಂದನೆಯ ಬೆಳಗ್ಗೆ ಕಂಪ್ರೆಸರು ಸುಮ್ಮನಾಗಿತ್ತು.
ನಾಲ್ಕು ಸ್ಕ್ರೂ ಬಿಚ್ಚಿದೆ. ತಳದಲ್ಲಿ ನೀರು,
ಎರಡು ಚಮಚದಷ್ಟು, ತಿಳಿಯಾಗಿ.
ಊರಿಗೆ ಮಳೆ ಬಿದ್ದು ಹನ್ನೊಂದು ತಿಂಗಳು.
ಯಾರೋ ಪೈಪು ಹಿಡಿದಿದ್ದಾರೆ ಎಂದು ಗುಲ್ ಜರೀನ್ ಆಣೆ ಇಟ್ಟ.
ಯಾರೂ ಹಿಡಿದಿರಲಿಲ್ಲ.
ಹಗಲು ಕಾದು ಹಿಗ್ಗಿ,
ರಾತ್ರಿ ಐಸ್ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕುಗ್ಗಿ,
ಕೇಬಲ್ಲಿನ ಎಳೆಗಳ ಸಂದಿಯಿಂದ ಗುಟುಕು ಗುಟುಕು ಹಸಿಗಾಳಿ ಕುಡಿದು,
ಬಿಡಲು ದಾರಿ ಕಾಣದೆ
ಒಳಗೊಳಗೇ ಬೆವರಿತ್ತು.

ಆ ರಾತ್ರಿ ಕರಡಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತೆ.
ಇಲ್ಲಿಯ ಗಾಳಿಗೆ ಬೆಳ್ಳಿಯೂ ಕಪ್ಪಾಗುತ್ತದೆ.
ಮಸ್ಕತ್ತಿನಲ್ಲಿ ಮೊದಲ ಸಲ ಇಳಿದಾಗ
ಮೀಸೆ ಮೂಡುತ್ತಿದ್ದ ಹುಡುಗನೊಬ್ಬ ನನ್ನೆದೆಯತ್ತ ಬೆರಳು ತೋರಿ
ತೆರೆ ಎಂದಿದ್ದ.
ತೆರೆದೆ. ಬಗ್ಗಿ ನೋಡಿದ. ಏನೂ ಕೇಳಲಿಲ್ಲ.
ಮುಚ್ಚಳ ತಾನೇ ಮುಚ್ಚಿದ, ಎರಡೂ ಕೈಯಲ್ಲಿ,
ನಾನು ಯಾವತ್ತೂ ಮುಚ್ಚದಷ್ಟು ಮೆಲ್ಲಗೆ.
ಆ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ.
ಪತ್ತಾರ ಮಾನಪ್ಪ ಸಡಿಲು ಮಾಡಿಕೊಟ್ಟನೆಂದು
ಅವ್ವ ವರ್ಷಗಟ್ಟಲೆ ಬೈದಿದ್ದಳು.

ಇದರಿಂದ ನನಗೇನೋ ಹೊಳೆಯಿತು ಎಂದು ಹೇಳಲಾರೆ.
ಹೊಳೆಯಬೇಕಾದದ್ದು ಇನ್ನೂರ ಹನ್ನೆರಡನೆಯ ಪುಟದ ತಳದಲ್ಲಿ
ಇರುವೆಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿತ್ತು, ನಾನು ಓದಿರಲಿಲ್ಲ:
ಗಾಳಿಯನ್ನು ಬಿಡುವ, ನೀರನ್ನು ಬಿಡದ,
ಅಂಗಿಯ ಗುಂಡಿಯಷ್ಟು ದೊಡ್ಡ ಬಿರಡೆ.
ಎರಡೂವರೆ ರಿಯಾಲು.

ಹೊಸ ಡಬ್ಬಿಯ ತಳಕ್ಕೆ ಡ್ರಿಲ್ಲು ಹಿಡಿದೆ.
ಎಂಬತ್ತನಾಲ್ಕು ರಿಯಾಲಿಗೆ ತೂತು ಕೊರೆಯುವುದನ್ನು ನೋಡಲಾರದೆ
ಖಲ್ಫಾನ್ ಬಾಗಿಲಾಚೆ ಹೋಗಿ ಸಿಗರೇಟು ಹಚ್ಚಿದರು.
ಸ್ಟೀಲಿನ ಸುರುಳಿಗಳು ಮೀನುನೀರಿಗೆ ಉದುರಿದವು.

ಈಗಲೂ ಫಜರ್ ಬಾಂಗಿನ ಹೊತ್ತಿಗೆ ಹೋಗಿ ಒಮ್ಮೆ ಬಿಚ್ಚುತ್ತೇನೆ,
ಬೇಕಿಲ್ಲದಿದ್ದರೂ. ತಳಕ್ಕೆ ಬೆರಳಾಡಿಸುತ್ತೇನೆ.
ಒಣ.
ಗೋಡೆಯಾಚೆ ಅಚ್ಚಿನಿಂದ ಜಾರಿ ಐಸ್ ಗಡ್ಡೆಯೊಂದು ಧೊಪ್ಪೆನ್ನುತ್ತದೆ.
ಮತ್ತೊಂದು ಬೀಳುವ ತನಕ
ನಿಂತಿರುತ್ತೇನೆ.